ಕೊನೆಯ ಸುತ್ತಿನ ಆಟಗಾರ

1974ರಲ್ಲಿ ಬಫಲೋ ಸೇಬರ್ಸ್ ತಂಡದ ಜನರಲ್ ಮ್ಯಾನೇಜರ್ ಪಂಚ್ ಇಮ್ಲಾಕ್‌ಗೆ ಸಹನೆ ಕೆಟ್ಟಿತ್ತು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಆ ವರ್ಷ ಹೊಸ ಹುಡುಗರನ್ನು ತಂಡಗಳಿಗೆ ಹಂಚುವ ಡ್ರಾಫ್ಟನ್ನು ಫೋನಿನಲ್ಲೇ, ಗುಟ್ಟಾಗಿ ನಡೆಸುತ್ತಿತ್ತು. ಎದುರಾಳಿ ಲೀಗಿನವರು ಒಳ್ಳೆಯ ಹುಡುಗರನ್ನು ಹಾರಿಸಿಕೊಂಡು ಹೋದಾರೆಂಬ ಭಯ. ಸುತ್ತಿನ ಮೇಲೆ ಸುತ್ತು, ಮುಗಿಯುವ ಲಕ್ಷಣವೇ ಇಲ್ಲ. ಹನ್ನೊಂದನೆಯ ಸುತ್ತಿನಲ್ಲಿ, 183ನೆಯ ಆಯ್ಕೆಯಾಗಿ, ಇಮ್ಲಾಕ್ ಟೋಕಿಯೋ ಕಟಾನಾಸ್ ತಂಡದ ಟಾರೋ ಟ್ಸುಜಿಮೊಟೊ ಎಂದ. ಅಂಥ ತಂಡವೂ ಇರಲಿಲ್ಲ, ಅಂಥ ಆಟಗಾರನೂ ಇರಲಿಲ್ಲ. ಲೀಗಿನವರು ಮಾತ್ರ ಹೆಸರನ್ನು ಬರೆದುಕೊಂಡರು. ತಮಾಷೆ ಬಯಲಾದ ಮೇಲೆ ಆಯ್ಕೆ ರದ್ದಾಯಿತು, ಆದರೆ ಬಫಲೋದ ಅಭಿಮಾನಿಗಳು ಪಂದ್ಯಗಳಲ್ಲಿ ‘ಟಾರೋನನ್ನು ಇಳಿಸಿ’ ಎಂದು ಕೂಗುವುದನ್ನು ಬಿಡಲಿಲ್ಲ. ಮೂರೂವರೆ ದಶಕ ಕಳೆದು ಅವನ ಹೆಸರಿನಲ್ಲಿ ಟ್ರೇಡಿಂಗ್ ಕಾರ್ಡ್ ಕೂಡ ಅಚ್ಚಾಯಿತು.

ಟಾರೋ ಒಂದು ಪಂದ್ಯವನ್ನೂ ಆಡಲಿಲ್ಲ. ಅವನಂತೆಯೇ ಮೈಯಿಲ್ಲದವರು ನೂರಾರು ಪಂದ್ಯ ಆಡುವ ಲೀಗುಗಳು ಇವತ್ತು ಇವೆ. ಹಾಕಿ ಎಂದೊಡನೆ ಕೊಡಗಿನ ಮೈದಾನ ಕಣ್ಣಿಗೆ ಬರುವ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಸಿಮ್ಯುಲೇಶನ್ ಲೀಗ್ ಎಂದು ಕರೆಯುವ ಇಂಥ ಲೀಗಿಗೆ ಸೇರಿದವನು ಒಬ್ಬ ಆಟಗಾರನನ್ನು ಹುಟ್ಟಿಸುತ್ತಾನೆ: ಹೆಸರು, ಎತ್ತರ, ತೂಕ, ಆಡುವ ಜಾಗ. ಡ್ರಾಫ್ಟಿನಲ್ಲಿ ಯಾವುದೋ ತಂಡ ಅವನನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಪಂದ್ಯಗಳನ್ನು ಆಡುವುದು ಕಂಪ್ಯೂಟರ್. ಹುಟ್ಟಿಸಿದವನ ಕೈಗೆ ಕೋಲು ಸಿಗುವುದಿಲ್ಲ. ಫಲಿತಾಂಶದ ಪಟ್ಟಿ ಸಿಗುತ್ತದೆ, ಅಷ್ಟೇ. ಅವನು ಮಾಡಬಹುದಾದದ್ದು ಒಂದೇ: ವಾರವಾರ ಹಾಜರಿ ಹಾಕಿ, ಕೊಟ್ಟ ಸಣ್ಣಪುಟ್ಟ ಕೆಲಸ ಮುಗಿಸಿ, ಗಳಿಸಿದ ಅಂಕಗಳನ್ನು ಆಟಗಾರನ ಸ್ಕೇಟಿಂಗಿಗೋ ಪಾಸಿಗೋ ಹೊಡೆತಕ್ಕೋ ಸುರಿಯುವುದು. ಋತುಗಳು ಬೇಗ ಬೇಗ ಉರುಳುತ್ತವೆ. ಆಟಗಾರನಿಗೆ ವಯಸ್ಸಾದಂತೆ ಅಂಕಗಳು ತಾವಾಗಿಯೇ ಸವೆಯುತ್ತವೆ. ಹೀಗೆ ಕೊನೆಯ ಸುತ್ತಿನಲ್ಲಿ ಬೇಕೋ ಬೇಡವೋ ಎಂಬಂತೆ ಆಯ್ಕೆಯಾದವನೊಬ್ಬ, ಯಾರೂ ಮಾತಾಡಿಕೊಳ್ಳದೆ, ಋತುವಿನ ಮೇಲೆ ಋತು ಆಡಿ ಸಾರ್ವಕಾಲಿಕ ಪಟ್ಟಿಯ ಮೇಲ್ಭಾಗಕ್ಕೆ ಬಂದು ಕುಳಿತಿರುತ್ತಾನೆ. ಇದನ್ನು ವೃತ್ತಿಜೀವನ ಅನ್ನಬಹುದೇ?

ಅನ್ನಬಾರದು ಎನ್ನುವವರ ವಾದ ಸುಲಭ. ಬೆವರಿಲ್ಲ, ಗಾಯವಿಲ್ಲ, ಪಕ್ ಎಂಬ ರಬ್ಬರ್ ಬಿಲ್ಲೆ ಬಡಿದು ಹಲ್ಲು ಉದುರುವುದಿಲ್ಲ. ಒಪ್ಪಿದೆ. ಆದರೆ ನಿಜವಾದ ಆಟಗಾರನ ಬದುಕಿನಲ್ಲಿ ಪ್ರತಿಭೆಯ ಪಾಲೆಷ್ಟು, ಕೋಚ್ ಅವನನ್ನು ಐಸಿಗೆ ಇಳಿಸಿದ್ದರ ಪಾಲೆಷ್ಟು ಎಂದು ಬಿಡಿಸಿ ನೋಡಲು ಹೊರಟರೆ ಈ ವಾದ ತೊಡರುತ್ತದೆ. ಐಸ್ ಹಾಕಿಯಲ್ಲಿ ಆಟಗಾರ ಒಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುತ್ತಾನೆ. ಎಷ್ಟು ಸಲ, ಯಾರ ಜೊತೆಗೆ, ಯಾವ ಹೊತ್ತಿನಲ್ಲಿ ಇಳಿಯುತ್ತಾನೆ ಎಂಬುದು ಬೆಂಚಿನ ಹಿಂದೆ ನಿಂತವನ ಮರ್ಜಿ.

ಮಾರ್ಟಿನ್ ಸೇಂಟ್ ಲೂಯಿಯನ್ನೇ ನೋಡಿ. ಎತ್ತರ ಐದು ಅಡಿ ಎಂಟು ಅಂಗುಲ. ವರ್ಮಾಂಟ್ ವಿಶ್ವವಿದ್ಯಾಲಯದ ತಂಡದಲ್ಲಿ ಮಿಂಚಿದರೂ ಡ್ರಾಫ್ಟಿನಲ್ಲಿ ಯಾವ ತಂಡವೂ ಅವನ ಹೆಸರೆತ್ತಲಿಲ್ಲ. 1998ರಲ್ಲಿ ಕ್ಯಾಲ್ಗರಿ ಫ್ಲೇಮ್ಸ್ ಕರೆದುಕೊಂಡಿತು. ಎರಡು ಋತುಗಳಲ್ಲಿ ಆಡಿಸಿದ್ದು 69 ಪಂದ್ಯ, ಅವನು ಹೊಡೆದದ್ದು 4 ಗೋಲು. 2000ದಲ್ಲಿ ಲೀಗಿಗೆ ಎರಡು ಹೊಸ ತಂಡಗಳು ಸೇರಿ ಉಳಿದವರ ಆಟಗಾರರನ್ನು ಆರಿಸಿಕೊಳ್ಳುವಾಗ ಕ್ಯಾಲ್ಗರಿ ಅವನನ್ನು ಉಳಿಸಿಕೊಳ್ಳುವ ಪಟ್ಟಿಯಿಂದ ಹೊರಗಿಟ್ಟಿತು. ಹೊಸಬರೂ ಮುಟ್ಟಲಿಲ್ಲ. ಕೊನೆಗೆ ಕ್ಯಾಲ್ಗರಿ ಅವನ ಒಪ್ಪಂದವನ್ನೇ ಹಣ ಕೊಟ್ಟು ಮುಗಿಸಿತು. ಅವನು ಟ್ಯಾಂಪಾ ಬೇಗೆ ಹೋದ. 2003–04ರಲ್ಲಿ 94 ಪಾಯಿಂಟ್ ಗಳಿಸಿ ಲೀಗಿನ ಅಗ್ರ ಸ್ಕೋರರ್ ಆದ, ಅತ್ಯಂತ ಮೌಲ್ಯಯುತ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಅವನದಾಯಿತು. ಅದೇ ವರ್ಷ ಲೀಗಿನ ಸ್ಟ್ಯಾನ್ಲಿ ಕಪ್ ಫೈನಲಿನಲ್ಲಿ ಟ್ಯಾಂಪಾದ ಎದುರಾಳಿ ಯಾರು? ಕ್ಯಾಲ್ಗರಿಯೇ. ಆರನೆಯ ಪಂದ್ಯ, ಎರಡನೆಯ ಓವರ್‌ಟೈಮ್, ಕ್ಯಾಲ್ಗರಿಯ ತವರು ಅಂಗಳದಲ್ಲೇ ಗೆಲುವಿನ ಗೋಲು ಹೊಡೆದವನು ಅವನು. ಏಳನೆಯ ಪಂದ್ಯ ಗೆದ್ದು ಟ್ಯಾಂಪಾ ಕಪ್ ಎತ್ತಿತು. 2000ದಲ್ಲಿ ಇಲ್ಲದ್ದು 2004ರಲ್ಲಿ ಅವನ ಮೈಯೊಳಗೆ ಎಲ್ಲಿಂದಲೋ ಹಾರಿ ಬರಲಿಲ್ಲ. ಇಳಿಸುವವರು ಸಿಕ್ಕರು.

ಇಂಥ ಕತೆ ಕೇಳಿದವರಿಗೆ ಒಂದು ಆಸೆ ಹುಟ್ಟುತ್ತದೆ. ಎತ್ತರ ನೋಡಿ ಮೂಗು ಮುರಿಯದ ಕಂಪ್ಯೂಟರ್, ಮನುಷ್ಯರು ಕಡೆಗಣಿಸಿದವರಿಗೆ ಮೇಲ್ಮನವಿಯ ನ್ಯಾಯಾಲಯ ಆಗಬಹುದಲ್ಲ? ನನಗೆ ಹಾಗೆ ತೋರುವುದಿಲ್ಲ. ನಿಜವಾದ ಆಟಗಾರರನ್ನು ಬಳಸುವ ಆಟಗಳನ್ನು ತೆಗೆದುಕೊಳ್ಳಿ. ಫಿನ್ಲೆಂಡಿನ ರಿಸ್ಟೊ ರೆಮೆಸ್ ರೂಪಿಸಿದ ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್‌ನಲ್ಲಿ ಪ್ರತಿಯೊಬ್ಬನ ಒಂದೊಂದು ಗುಣಕ್ಕೂ 1ರಿಂದ 20ರವರೆಗಿನ ಅಂಕಿ ಇರುತ್ತದೆ. ಮುಂದೆ ಅವನು ಎಷ್ಟು ಬೆಳೆಯಬಲ್ಲ ಎಂಬುದಕ್ಕೆ 200ಕ್ಕೆ ಇಷ್ಟು ಎಂಬ ಇನ್ನೊಂದು ಗುಪ್ತ ಅಂಕಿ. ಇವನ್ನು ತುಂಬುವವರು ಮನುಷ್ಯರು, ಪಂದ್ಯ ನೋಡಿ, ಸ್ಕೌಟ್‌ಗಳ ಅಭಿಪ್ರಾಯ ಕೇಳಿ ತುಂಬುವವರು. 2000ದ ಸೇಂಟ್ ಲೂಯಿಗೆ ಅಂದು ಯಾರಾದರೂ 200ಕ್ಕೆ ಅಂಕ ಹಾಕಲು ಕುಳಿತಿದ್ದರೆ ಆ 4 ಗೋಲುಗಳನ್ನು ಮರೆಯುತ್ತಿದ್ದರೇ? ಕಣ್ಣು ತಪ್ಪಿದ್ದನ್ನು ಯಂತ್ರ ಇನ್ನಷ್ಟು ಗಟ್ಟಿ ಮಾಡುತ್ತದೆ, ಅಷ್ಟೇ.

ತದ್ವಿರುದ್ಧ ಎಡವಟ್ಟೂ ಉಂಟು. ಫುಟ್‌ಬಾಲಿನ ಚಾಂಪಿಯನ್‌ಶಿಪ್ ಮ್ಯಾನೇಜರ್ ಆಟದಲ್ಲಿ ಟಾಂಟನ್ ಜೋಲಾ ಮೌಕೊಕೊ ಎಂಬ ಹುಡುಗನನ್ನು ಕೊಂಡವರೆಲ್ಲ ಕಪ್ ಗೆಲ್ಲುತ್ತಿದ್ದರು. ನಿಜವಾದ ಮೌಕೊಕೊ ಡರ್ಬಿ ಕೌಂಟಿಯ ಹಿರಿಯರ ತಂಡಕ್ಕೆ ಒಂದು ಲೀಗ್ ಪಂದ್ಯವನ್ನೂ ಆಡದೆ ಸ್ವೀಡನ್ನಿನ ಕೆಳಹಂತದ ತಂಡಗಳಿಗೆ ಮರಳಿದ. ಪರದೆಯ ಮೇಲೆ ನೂರಾರು ಗೋಲು ಹೊಡೆದ ತನ್ನದೇ ಹೆಸರನ್ನು ಹೊತ್ತುಕೊಂಡು ಓಡಾಡಬೇಕಾದವನ ಪಾಡನ್ನು ಯೋಚಿಸಿ. ಅವನಿಗೆ ಆ ಆಟ ನ್ಯಾಯವನ್ನೇನೂ ಕೊಡಲಿಲ್ಲ.

ಹಾಗಾದರೆ ಹುಟ್ಟಿಸಿದ ಆಟಗಾರರ ಲೀಗಿನಲ್ಲಿ ದೀರ್ಘಕಾಲ ಗೆದ್ದವನು ಗೆದ್ದದ್ದು ಯಾವುದರಿಂದ? ಹಾಜರಿಯಿಂದ. ಮೊದಲ ಸುತ್ತಿನಲ್ಲಿ ಸದ್ದು ಮಾಡಿ ಬಂದ ಅನೇಕರ ಹಿಂದಿನ ಮನುಷ್ಯರು ಬೇಸರ ಬಂದು ಕೆಲವೇ ತಿಂಗಳಲ್ಲಿ ಕಾಣೆಯಾಗುತ್ತಾರೆ, ಅವರ ಆಟಗಾರರು ಬೆಳೆಯದೆ ನಿಂತುಬಿಡುತ್ತಾರೆ. ಕೊನೆಯ ಸುತ್ತಿನವನ ಹಿಂದಿನ ಮನುಷ್ಯ ಮಾತ್ರ, ತಂಡ ಸೋತು ಸುಣ್ಣವಾದ ಋತುವಿನಲ್ಲೂ, ವಾರ ತಪ್ಪಿಸದೆ ಬಂದು ತನ್ನ ಪಾಲಿನ ಅಂಕ ತುಂಬಿ ಹೋಗಿರುತ್ತಾನೆ. ಇದು ಸರ್ಕಾರಿ ಕಚೇರಿಯ ಹಾಜರಿ ಪುಸ್ತಕದ ಹಾಗಾಯಿತಲ್ಲ ಎಂದು ನಗಬಹುದು. ಕಚೇರಿಯಲ್ಲಿ ಸಹಿ ಹಾಕಿ ದುಡಿದವನಿಗೂ ಸಹಿ ಹಾಕಿ ಎದ್ದು ಹೋದವನಿಗೂ ಸಂಬಳ ಒಂದೇ. ಇಲ್ಲಿ ಹಾಗಲ್ಲ, ತುಂಬಿದಷ್ಟೇ ಬೆಳೆ. ನಿಜವಾದ ಹಾಕಿಯಲ್ಲಿ ನಿಷ್ಠೆಯೊಂದನ್ನೇ ನೆಚ್ಚಿ ಯಾರೂ ಮುಂದೆ ಬರಲಾರರು. ಮೈ, ವಯಸ್ಸು, ಗಾಯ, ಕೋಚ್ ಯಾವುದೋ ಒಂದು ಅಡ್ಡ ನಿಲ್ಲುತ್ತದೆ. ಅವೆಲ್ಲ ಕಳಚಿಹೋದ ಒಂದು ಜಾಗದಲ್ಲಿ ನಿಷ್ಠೆ ಮಾತ್ರ ಉಳಿದಾಗ ಏನಾಗುತ್ತದೆ ಎಂಬುದನ್ನು ಈ ಲೀಗು ತೋರಿಸುತ್ತದೆ. ವೃತ್ತಿಜೀವನ ಎಂಬ ಮಾತನ್ನು ನಾನು ಕೊಡುವುದಾದರೆ ಆಟಗಾರನ ಹಿಂದಿರುವ ಆ ಮನುಷ್ಯನಿಗೆ ಕೊಡುತ್ತೇನೆ.

ಆದರೆ ಪ್ರತಿಯೊಂದು ಪಾಸೂ ದಾಖಲಾಗುವ ಜಗತ್ತಿನಲ್ಲಿ ಅವನ ಆಟಗಾರ ಕಡೆಗಣನೆಗೆ ಒಳಗಾದದ್ದು ಹೇಗೆ? ದಾಖಲೆ ಇದ್ದ ಮಾತ್ರಕ್ಕೆ ಯಾರಾದರೂ ಓದುತ್ತಾರೆಂದಿಲ್ಲ. ನಿಜವಾದ ಎನ್‌ಎಚ್‌ಎಲ್‌ನಲ್ಲೂ ಹೀಗೇ ಇತ್ತು. ಎದುರಾಳಿಯ ಅತ್ಯುತ್ತಮ ಆಟಗಾರನಿಗೆ ಅಂಟಿಕೊಂಡು ಗೋಲು ತಪ್ಪಿಸುವ ಫಾರ್ವರ್ಡ್‌ಗಳಿಗೆಂದೇ ಒಂದು ಬಹುಮಾನ, ಸೆಲ್ಕಿ ಟ್ರೋಫಿ, ಬಂದದ್ದು 1977–78ರಲ್ಲಿ. ಮೊದಲ ನಾಲ್ಕು ವರ್ಷವೂ ಮಾಂಟ್ರಿಯಲ್‌ನ ಬಾಬ್ ಗೇನಿಯೇ ಅದನ್ನು ಗೆದ್ದ. ಅದಕ್ಕೂ ಮುಂಚೆ ಇಂಥ ಕೆಲಸ ಮಾಡಿದವರು ಇರಲಿಲ್ಲವೇ? ಇದ್ದರು, ಅವರ ಕೆಲಸವನ್ನು ಎಣಿಸುವ ಕಾಲಂ ಪಟ್ಟಿಯಲ್ಲಿ ಇರಲಿಲ್ಲ. ಕಂಪ್ಯೂಟರ್ ಲೀಗಿನಲ್ಲಿ ಕಾಲಂಗಳಿಗೆ ಕೊರತೆಯಿಲ್ಲ, ಆದರೂ ಬಹುಮಾನಕ್ಕೆ ಮತ ಹಾಕುವವರು ಮನುಷ್ಯರೇ. ಗೋಲಿನ ಕಾಲಂ ಮೊದಲು ಕಾಣುತ್ತದೆ, ಪರಿಚಯದ ಹೆಸರು ಬೇಗ ನೆನಪಾಗುತ್ತದೆ, ಗೆದ್ದ ತಂಡದವನಿಗೆ ಇನ್ನೊಂದಿಷ್ಟು ಹೊಳಪು. ಸುಮ್ಮನೆ ಬಂದು ಹೋಗುವವನ ಆಟಗಾರನೂ ಸುಮ್ಮನೆಯೇ ಉಳಿಯುತ್ತಾನೆ.

ರಾಬರ್ಟ್ ಕೂವರ್ 1968ರಲ್ಲಿ ಬರೆದ ಕಾದಂಬರಿಯೊಂದರಲ್ಲಿ ಹೆನ್ರಿ ವಾ ಎಂಬ ಲೆಕ್ಕಿಗ ಮನೆಯಲ್ಲಿ ದಾಳ ಉರುಳಿಸಿ ಬೇಸ್‌ಬಾಲ್ ಲೀಗ್ ನಡೆಸುತ್ತಾನೆ. ಅವನ ಮುದ್ದಿನ ಆಟಗಾರ ದಾಳದ ಲೆಕ್ಕದಲ್ಲೇ ಚೆಂಡು ಬಡಿದು ಸಾಯುತ್ತಾನೆ. ಅದನ್ನು ತಾಳಲಾರದ ಹೆನ್ರಿ ದಾಳವನ್ನು ಕೈಯಾರೆ ತಿರುಗಿಸಿ ಕೊಂದವನನ್ನೂ ಕೊಲ್ಲಿಸುತ್ತಾನೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ದಾಳ ಕೊಟ್ಟದ್ದನ್ನು ಹಾಗೆಯೇ ಬರೆದುಕೊಂಡು ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅಲ್ಲಿ ಗೊತ್ತಾಗುತ್ತದೆ. ಇಂದಿನ ಲೀಗಿನಲ್ಲಿ ಆಟಗಾರನನ್ನು ಹುಟ್ಟಿಸಿದವರಿಗೆ ದಾಳ ಮುಟ್ಟುವ ಅವಕಾಶ ಇಲ್ಲ. ಬದಲಿಸಬಹುದಾದದ್ದು ಮತಪತ್ರವನ್ನು. ಲೀಗಿನ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಆಯ್ಕೆಗೆ ಹೆಸರೂ ತಂಡವೂ ಮುಚ್ಚಿದ ಅಂಕಿಪಟ್ಟಿಯನ್ನಷ್ಟೇ ಮತದಾರರ ಮುಂದಿಡಬಹುದು. ಹೆಸರಿಲ್ಲದ ಮೇಲೆ ಸ್ವಾರಸ್ಯವೇನು ಎಂದು ಹಳಬರು ಗೊಣಗಿಯಾರು. ಒಂದು ಋತುವಿನ ಮಟ್ಟಿಗಾದರೂ ಮಾಡಿ ನೋಡಲು ಅಡ್ಡಿಯೇನೂ ಕಾಣುವುದಿಲ್ಲ.