ಮಣ್ಣಿನ ಮದ್ದು, ಮೆಣಸಿನ ಕಾಳು



ಮೊದಲ ಮಳೆ ಬಿದ್ದಾಗ ನಮ್ಮ ಅಮರಗೋಳದ ಎರೆಮಣ್ಣು ಘಮಘಮಿಸುತ್ತದೆ. ಆ ವಾಸನೆ ಹುಟ್ಟಿಸುವುದು ಮಣ್ಣಿನೊಳಗೆ ಇರುವ, ಕಣ್ಣಿಗೆ ಕಾಣದ ಜೀವಿಗಳು. ಅದೇ ಕುಲದ ಜೀವಿಗಳು ಕ್ಷಯರೋಗಕ್ಕೆ ಮದ್ದು ಕೊಟ್ಟಿವೆ ಎಂದರೆ ನಂಬುತ್ತೀರಾ?

ಈ ಮಾತು ಎತ್ತಲು ಕಾರಣ ನನ್ನ ನೆಗೆಣ್ಣಿ. ಹೋದ ವರ್ಷ ಆಕೆಗೆ ಕ್ಷಯವೆಂದು ಗೊತ್ತಾಯಿತು. ಎರಡು ತಿಂಗಳು ಗುಳಿಗೆ ನುಂಗಿದಳು. ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಒಂದು ದಿನ ಹೋಗಿ ನೋಡಿದರೆ ಗುಳಿಗೆ ಹಾಗೇ ಉಳಿದಿವೆ, ಒಲೆಯ ಮೇಲೆ ಮೆಣಸಿನ ಕಷಾಯ ಕುದಿಯುತ್ತಿದೆ!

"ಅಕ್ಕಾರ, ಆ ಗುಳಿಗಿ ಭಾಳ ಉಷ್ಣರೀ. ಮೂತ್ರ ಕೇಸರಿ ಬಣ್ಣ ಆಗೇತಿ. ನಮ್ಮ ಗಿಡಮೂಲಿಕೀನ ಛಲೋ" ಅಂದಳು.

ನಾನೂ ಹೈಸ್ಕೂಲಿನವರೆಗೆ ಓದಿದವಳೇ. ಕೇಳಿ, ಓದಿ ತಿಳಿದದ್ದನ್ನು ಆಕೆಗೆ ಹೇಳಿದೆ, ನಿಮಗೂ ಹೇಳುತ್ತೇನೆ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಎಂಬ ಪ್ರೊಫೆಸರರ ಕೈಕೆಳಗೆ ಕಲಿಯುತ್ತಿದ್ದ ಆಲ್ಬರ್ಟ್ ಶಾಟ್ಜ್, ಗೊಬ್ಬರ ಹಾಕಿದ ಹೊಲದ ಮಣ್ಣಿನ ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದ. 1957ರಲ್ಲಿ ಫ್ರಾನ್ಸಿನ ಪೈನ್ ಕಾಡಿನ ಮಣ್ಣು ಇಟಲಿಯ ಮಿಲಾನ್‌ನ ಲೆಪೆಟಿಟ್ ಪ್ರಯೋಗಾಲಯಕ್ಕೆ ಬಂತು. ಅದರ ಜೀವಿ ಕೊಟ್ಟ ವಸ್ತುವನ್ನು ತಿದ್ದಿ ರಿಫಾಂಪಿಸಿನ್ ಮಾಡಿದರು. ಮೂತ್ರ ಕೇಸರಿಯಾಗುವುದು ಇದರಿಂದಲೇ, ಹೆದರಬೇಕಾಗಿಲ್ಲ. "ನೋಡವಾ, ನೀ ಬಿಟ್ಟ ಗುಳಿಗೀನೂ ಮಣ್ಣಿಂದನ ಬಂದದ್ದು" ಅಂದೆ.

ಇನ್ನು ಮೆಣಸಿನ ಮಾತು. ಕರಿಮೆಣಸಿನಲ್ಲಿ ಪೈಪರಿನ್ ಎಂಬ ಸತ್ವವಿದೆ. ಅದು ಜೊತೆಗಿದ್ದರೆ ರಿಫಾಂಪಿಸಿನ್ ರಕ್ತಕ್ಕೆ ಹೆಚ್ಚು ಸೇರುತ್ತದೆ ಎಂದು ಜಮ್ಮುವಿನ ಸರ್ಕಾರಿ ಸಂಶೋಧನಾಲಯದವರು ಕಂಡುಕೊಂಡರು. 2009ರಲ್ಲಿ ಬಂದ ರಿಸೊರಿನ್ ಎಂಬ ಔಷಧದಲ್ಲಿ 450 ಮಿಲಿಗ್ರಾಂ ಬದಲು 200 ಮಿಲಿಗ್ರಾಂ ರಿಫಾಂಪಿಸಿನ್, ಜೊತೆಗೆ ಬರೀ 10 ಮಿಲಿಗ್ರಾಂ ಪೈಪರಿನ್! ಆದರೆ ಅಲ್ಲಿ ಮೆಣಸು ಮದ್ದಿಗೆ ಕೈಜೋಡಿಸುತ್ತದೆ ಅಷ್ಟೆ. ಅದೊಂದೇ ಕ್ಷಯವನ್ನು ಗುಣಪಡಿಸದು. ಕಷಾಯ ಗಂಟಲಿಗೆ ಹಿತ, ಗುಳಿಗೆಗೆ ಬದಲಿ ಅಲ್ಲ.

ನೆನಪಿಡಿ:

• ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ. ನಡುವೆ ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತಾಗಬಹುದು.

• ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

• ಮಕ್ಕಳಾಗದಂತೆ ಗುಳಿಗೆ ನುಂಗುವವರು ಡಾಕ್ಟರಿಗೆ ಮೊದಲೇ ಹೇಳಿ. ರಿಫಾಂಪಿಸಿನ್ ಅದರ ಶಕ್ತಿ ಕುಗ್ಗಿಸುತ್ತದೆ.

• ರೋಗ ಹರಡುವುದು ಕೆಮ್ಮಿದ ಗಾಳಿಯಿಂದ, ತಾಟು-ವಾಟಿಯಿಂದಲ್ಲ. ಕಿಟಕಿ ತೆರೆದಿಡಿ.

• ಸರ್ಕಾರಿ ದವಾಖಾನೆಯಲ್ಲಿ ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ ಸಹಾಯಧನವೂ ಇದೆ.

ನೆಗೆಣ್ಣಿ ಒಂಬತ್ತು ದಿನ ಗುಳಿಗೆ ಬಿಟ್ಟಿದ್ದಳು. ಮರುದಿನವೇ ಕರೆದುಕೊಂಡು ಹೋದೆ. ಡಾಕ್ಟರು ಬೈದರು, ಮತ್ತೆ ಕಫ ಪರೀಕ್ಷೆ ಮಾಡಿಸಿ ಚಿಕಿತ್ಸೆ ಮುಂದುವರಿಸಿದರು. ಕ್ಯಾಲೆಂಡರಿನಲ್ಲಿ ದಿನವೂ ಗುರುತು ಹಾಕುವ ಕೆಲಸ ಆಕೆಯ ಮಗನದಾಯಿತು. ಈಗ ಗುಣವಾಗಿದ್ದಾಳೆ. ಮೊನ್ನೆ ಶೇಂಗಾ ಹೋಳಿಗೆ ಕೊಡಲು ಬಂದವಳು ನಗುತ್ತಾ, "ಇದರಾಗ ಮೆಣಸು ಹಾಕಿಲ್ಲರೀ ಅಕ್ಕಾರ" ಅಂದಳು!

ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ, ಕಷಾಯದ ಪಾತ್ರೆ ಇಳಿಸಿ ಮೊದಲು ಕಫ ಪರೀಕ್ಷೆ ಮಾಡಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.