ದಿನಾ ಕೈಯಲ್ಲೇ ಕುಟ್ಟೋದು ಶ್ರದ್ಧೆಯಲ್ಲ ಸ್ವಾಮಿ!

ನಮ್ಮ ಹಳೇ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದರು. ಸಂಜೆ ಆರಕ್ಕೆ ಎಲ್ಲರೂ ಚೀಲ ಹೆಗಲಿಗೇರಿಸಿದರೂ ಅವರು ಮಾತ್ರ ಲಿನಕ್ಸ್ ಸರ್ವರಿನ ಮುಂದೆ ಕೂತು, ಅದೇ ಆರ್‌ಸಿಂಕ್ ಕಮ್ಯಾಂಡನ್ನು ಅಕ್ಷರ ಅಕ್ಷರವಾಗಿ ಕುಟ್ಟಿ, ಲೆಕ್ಕಪತ್ರದ ಫೈಲುಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿಯೇ ಏಳುತ್ತಿದ್ದರು. "ಒಂದು ಸ್ಕ್ರಿಪ್ಟ್ ಬರೆದಿಡೋಣ ಸಾರ್" ಅಂದ್ರೆ "ಮೆಷಿನ್ ಮೇಲೆ ಬಿಟ್ರೆ ಯಾವತ್ತೋ ಕೈ ಕೊಡತ್ತೆ ಕಣಯ್ಯಾ" ಅನ್ನೋರು. ಮ್ಯಾನೇಜರಿಗೆ ಅವರ ಶ್ರದ್ಧೆ ಕಂಡರೆ ಭಾರೀ ಮೆಚ್ಚುಗೆ.

ಕೈ ಕೊಟ್ಟಿದ್ದು ಮೆಷಿನ್ ಅಲ್ಲ. ಮಗಳ ಮದುವೆಗೆಂದು ಅವರು ಹನ್ನೆರಡು ದಿನ ಊರಿಗೆ ಹೋದರು. ಹತ್ತನೇ ದಿನ ಸರ್ವರಿನ ಡಿಸ್ಕ್ ಸತ್ತಿತು. ನಕಲು ಇದ್ದದ್ದು ಅವರು ಹೊರಡುವ ಹಿಂದಿನ ಸಂಜೆಯದು! ಅಷ್ಟೂ ದಿನದ ಬಿಲ್ಲುಗಳನ್ನು ಕಾಗದ ಹುಡುಕಿ ಹುಡುಕಿ ಮತ್ತೆ ಎಂಟ್ರಿ ಮಾಡಿದವರು ಅಕೌಂಟ್ಸಿನ ಇಬ್ಬರು ಹುಡುಗಿಯರು, ಎರಡು ಭಾನುವಾರ ಸೇರಿಸಿ. ಅವರ ಶ್ರದ್ಧೆಯ ಬಗ್ಗೆ ಯಾರೂ ಮಾತಾಡಲಿಲ್ಲ ಬಿಡಿ.

ಅಲ್ಲಾ, 1979ರ ಯುನಿಕ್ಸಿನಲ್ಲೇ ಕ್ರಾನ್ ಇತ್ತು! ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ – ಐದು ಅಂಕಣ. ‘30 2 * * *’ ಅಂತ ಬರೆದು ಮುಂದೆ ಸ್ಕ್ರಿಪ್ಟಿನ ಹೆಸರು ಕೊಟ್ಟರೆ ಪ್ರತಿರಾತ್ರಿ ಎರಡೂವರೆಗೆ ಕೆಲಸ ಶುರು. ಅದಕ್ಕೆ ಮದುವೆಯಿಲ್ಲ, ಜಾತ್ರೆಯಿಲ್ಲ.

"ಸ್ಕ್ರಿಪ್ಟ್ ತಪ್ಪು ಮಾಡಿದರೆ?" ಮಾಡುತ್ತೆ, ಖಂಡಿತ. ಆರ್‌ಸಿಂಕಿಗೆ ‘ಡಿಲೀಟ್’ ಆಯ್ಕೆ ಕೊಟ್ಟಿದ್ದೀರಿ, ಮೂಲದ ಡಿಸ್ಕ್ ಅವತ್ತು ಮೌಂಟ್ ಆಗಿಲ್ಲ ಅಂತಿಟ್ಕೊಳ್ಳಿ. ಖಾಲಿ ಫೋಲ್ಡರನ್ನೇ ಸತ್ಯ ಅಂತ ನಂಬಿ ನಕಲನ್ನೂ ಗುಡಿಸಿ ಹಾಕುತ್ತೆ. ಆದರೆ ಕೈಯಲ್ಲಿ ಟೈಪ್ ಮಾಡಿದರೂ ಅದೇ ಗತಿ ತಾನೇ? ವ್ಯತ್ಯಾಸ ಇಷ್ಟೇ: "ಡಿಸ್ಕ್ ಮೌಂಟ್ ಆಗಿದೆಯಾ, ಇಲ್ಲದಿದ್ದರೆ ಇಲ್ಲೇ ನಿಲ್ಲು" ಅಂತ ಸ್ಕ್ರಿಪ್ಟಿಗೆ ಒಮ್ಮೆ ಹೇಳಿದರೆ ಸಾಕು, ಹಸಿದ ಹೊಟ್ಟೆಯ ಮನುಷ್ಯನಿಗೆ ದಿನಾ ನೆನಪಾಗಬೇಕು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದು ನೆನಪಿದೆಯಾ? ಒಬ್ಬ ಇಂಜಿನಿಯರ್ ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನಲ್ಲೇ ಅಳಿಸುವ ಕಮ್ಯಾಂಡ್ ಕೊಟ್ಟ. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅದು ಕೈಯ ತಪ್ಪು. ಬ್ಯಾಕಪ್ ನೋಡಿದರೆ ಅದೂ ಇಲ್ಲ! ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸಿಗೆ 9.2ರ ಉಪಕರಣ ಓಡಿ ಸೋಲುತ್ತಿತ್ತು, ಸೋತೆ ಅಂತ ಕಳಿಸಿದ ಇಮೇಲುಗಳು ತಲುಪುವ ಕಡೆ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕಾಪಾಡಿದ್ದು ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. "ನೋಡಿದ್ಯಾ, ಕೈಯೇ ಕಾಪಾಡಿದ್ದು!" ಅಂತ ನಮ್ಮ ಹಿರಿಯರು ಕುಣಿಯಬಹುದು :) ಅದನ್ನು ತೆಗೆದದ್ದು ಬೇರೇನೋ ಪರೀಕ್ಷೆಗೆ ಸಾರ್, ಬ್ಯಾಕಪ್ಪಿಗಲ್ಲ. ಅದೃಷ್ಟ ಅಷ್ಟೇ.

ಹಾಗಾಗಿ ನನ್ನ ಸ್ಕ್ರಿಪ್ಟ್ ಸೋತಾಗ ಅಳುವುದಿಲ್ಲ, ಗೆದ್ದಾಗ ಮಾತ್ರ ಪತ್ರ ಹಾಕುತ್ತೆ. ಆರ್‌ಸಿಂಕ್ ಸೊನ್ನೆ ವಾಪಸ್ ಕೊಟ್ಟರೆ ತಾರೀಕಿನ ಜೊತೆ ಒಂದು ಸಾಲಿನ ಇಮೇಲು. ಬೆಳಿಗ್ಗೆ ಕಾಫಿ ಹೊತ್ತಿಗೆ ಅದು ಬಂದಿಲ್ಲ ಅಂದ್ರೆ ಏನೋ ಎಡವಟ್ಟಾಗಿದೆ ಅಂತ ಲೆಕ್ಕ. ತಿಂಗಳಿಗೊಮ್ಮೆ ಯಾವುದೋ ಒಂದು ಹಳೇ ಫೈಲನ್ನು ನಕಲಿನಿಂದ ವಾಪಸ್ ತಂದು ತೆರೆದು ನೋಡ್ತೀನಿ. ಒಟ್ಟು ಹತ್ತು ಸಾಲಿನ ಸ್ಕ್ರಿಪ್ಟು, ಬರೆಯೋಕೆ ಹಿಡಿದದ್ದು ಒಂದು ಮಧ್ಯಾಹ್ನ.

ಆ ಹಿರಿಯರು ಈಗ ನಿವೃತ್ತರು. ಅವರ ಜಾಗಕ್ಕೆ ಬಂದ ಹುಡುಗ ಭಾರೀ ಚುರುಕಂತೆ. ಸಂಜೆ ಆರಕ್ಕೆ ಅದೇ ಕುರ್ಚಿಯಲ್ಲಿ ಕೂತು, ಮೇಲ್ಬಾಣದ ಕೀಲಿ ಒತ್ತಿ ನಿನ್ನೆಯ ಕಮ್ಯಾಂಡನ್ನೇ ಕರೆದು, ಎಂಟರ್ ಹೊಡೀತಾನಂತೆ.