ಆರಿದ ದೀಪವನ್ನು ನಂಬಬೇಡಿ
ಟರ್ಬೊ ಕಾರಿನ ಇಸಿಯುವಿಗೆ (ಎಂಜಿನ್ ಕಂಪ್ಯೂಟರಿಗೆ) ರೀಮ್ಯಾಪ್ ಮಾಡಿಸಿ, ಕಂಪನಿಯ ಏರ್ ಫಿಲ್ಟರ್ ತೆಗೆಸಿ, ಎಣ್ಣೆ ಸವರಿದ ಹತ್ತಿ ಫಿಲ್ಟರ್ ಹಾಕಿಸುವ ಹುಚ್ಚು ಸಂಡೂರಿನ ಅದಿರು ಗಣಿಗಳ ಕೆಂದೂಳಿಗೆ ಹೇಳಿದ್ದಲ್ಲ ಎಂದೇ ನನ್ನ ಅಭಿಪ್ರಾಯ. ಅಂಥ ಕಾರು ಚೋರನೂರಿನ ಕಡೆ ಏರು ಹತ್ತುವಾಗ ಚೆಕ್ ಎಂಜಿನ್ ದೀಪ ಹತ್ತುತ್ತದೆ, ನಾಲ್ಕು ದಿನಕ್ಕೆ ತಾನೇ ಆರುತ್ತದೆ. ಆರಿತೆಂದರೆ ವಾಸಿಯಾಯಿತೆಂದಲ್ಲ. ಸಾಮಾನ್ಯವಾಗಿ ಸತತ 3 ಓಟಗಳಲ್ಲಿ ದೋಷ ಮರುಕಳಿಸದಿದ್ದರೆ ದೀಪ ಆರುತ್ತದೆ. ದೋಷದ ಕೋಡ್ ಮಾತ್ರ ಇಸಿಯುವಿನಲ್ಲಿ ಇನ್ನೂ ಕೆಲವು ಕಾಲ ಉಳಿದಿರುತ್ತದೆ. ಆದ್ದರಿಂದ ಸ್ಕ್ಯಾನರ್ ಹಾಕಿದ ಕೂಡಲೇ ಕೋಡ್ ಅಳಿಸಲು ಹೊರಟ ಮೆಕ್ಯಾನಿಕ್‌ನನ್ನು ತಡೆಯಿರಿ, ಕೋಡಿನ ಜೊತೆಗೇ ಅಳಿದುಹೋಗುವ ಫ್ರೀಜ್ ಫ್ರೇಮ್ ಅನ್ನು ಮೊದಲು ಬರೆದಿಟ್ಟುಕೊಳ್ಳಲಿ. ದೀಪಕ್ಕೆ ಕಾರಣವಾದ ಗಳಿಗೆಯ ವೇಗ, ಆರ್‌ಪಿಎಂ, ಎಂಜಿನ್ ಮೇಲಿನ ಹೊರೆ ಎಲ್ಲ ಅಲ್ಲಿರುತ್ತದೆ. ಕೋಡ್ ಪಿ0299 ಎಂದಿದ್ದರೆ ಬೂಸ್ಟ್ ಸಾಲುತ್ತಿಲ್ಲ. ಅಷ್ಟಕ್ಕೇ ಟರ್ಬೊ ಬದಲಿಸುವುದು ದುಡುಕು. ಇಂಟರ್‌ಕೂಲರ್ ಪೈಪಿನ ಕ್ಲಿಪ್ ಸಡಿಲವಾಗಿದ್ದರೆ ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಏನೂ ತೋರದು, ಒತ್ತಡ ಏರಿದಾಗಲೇ ಗಾಳಿ ಸೋರುತ್ತದೆ. ಪೈಪಿನ ಸಂದುಗಳನ್ನು ಟಾರ್ಚ್ ಬಿಟ್ಟು ನೋಡಿ: ಸೋರುವಲ್ಲಿ ಎಣ್ಣೆಯ ಪಸೆ ಮೂಡಿ, ಅದರ ಮೇಲೆ ಅದಿರಿನ ದೂಳು ಕುಂಕುಮದಂತೆ ಮೆತ್ತಿಕೊಂಡಿರುತ್ತದೆ. ಪಿ0101 ಬಂದರೆ ಅನುಮಾನ ಆ ಹತ್ತಿ ಫಿಲ್ಟರಿನ ಮೇಲೂ ಇರಲಿ; ಅತಿಯಾಗಿ ಸವರಿದ ಎಣ್ಣೆ ಏರ್‌ಫ್ಲೋ ಸೆನ್ಸರ್‌ಗೆ ಅಂಟಿದರೆ ಗಾಳಿಯ ಲೆಕ್ಕವೇ ತಪ್ಪುತ್ತದೆ. ಪೆಟ್ರೋಲ್ ಕಾರಿನಲ್ಲಿ ದೀಪ ಮಿಣುಕತೊಡಗಿದರೆ ಮಾತ್ರ ದಯವಿಟ್ಟು ಪಕ್ಕಕ್ಕೆ ನಿಲ್ಲಿಸಿ. ಅದು ಮಿಸ್‌ಫೈರ್, ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನೇ ಸುಟ್ಟುಬಿಡಬಹುದು.